ಫೋಟೋ ಚಿಕ್ಕದು ಮಾಡಿದರೂ ವರ್ಡ್ ಯಾಕೆ ಹ್ಯಾಂಗ್ ಆಗುತ್ತದೆ?

ಪ್ರಶ್ನೆ: ವರದಿಯೊಂದಕ್ಕೆ ಫೋನಿನಲ್ಲಿ ತೆಗೆದ ಮೂವತ್ತು ಫೋಟೋ ಹಾಕಿದ್ದೇನೆ. ಪುಟಕ್ಕೆ ಎರಡರಂತೆ ಕೂರುವ ಹಾಗೆ ಎಲ್ಲವನ್ನೂ ಚಿಕ್ಕದು ಮಾಡಿದ್ದೇನೆ. ಆದರೂ ಸ್ಕ್ರಾಲ್ ಮಾಡಿದರೆ ವರ್ಡ್ ನಿಂತೇ ಹೋಗುತ್ತದೆ. ಏನು ಮಾಡಲಿ?

ಉತ್ತರ: ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿದ್ದೀರಿ, ಅಲ್ವಾ? ಹಾಗೆ ಎಳೆದಾಗ ಬದಲಾಗುವುದು ಫೋಟೋ ಪುಟದಲ್ಲಿ ಹಿಡಿಯುವ ಜಾಗ ಮಾತ್ರ. ಒಳಗಿನ ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಚುಕ್ಕಿ, ಒಂದೂ ಕಮ್ಮಿಯಾಗುವುದಿಲ್ಲ. ಕ್ರಾಪ್ ಮಾಡಿದರೂ ಅದೇ ಕಥೆ. ಕತ್ತರಿಸಿದ ಭಾಗ ಕಣ್ಣಿಗೆ ಕಾಣದೆ ಫೈಲಿನೊಳಗೇ ಕೂತಿರುತ್ತದೆ.

'ಫೋಟೋ ಬರೀ 4 ಎಂಬಿ, ಅದೇನು ಭಾರ' ಅಂತ ಅನ್ನಿಸಬಹುದು. ಆ 4 ಎಂಬಿ ಜೆಪೆಗ್ (ಫೋಟೋವನ್ನು ಒತ್ತಿ ಚಿಕ್ಕದಾಗಿ ಉಳಿಸುವ ಒಂದು ಬಗೆ) ಆಗಿ ಒತ್ತಿಟ್ಟಾಗಿನ ಲೆಕ್ಕ. ತೆರೆಯ ಮೇಲೆ ತೋರಿಸಬೇಕಾದರೆ ಅದನ್ನು ಬಿಚ್ಚಲೇಬೇಕು. 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 × 3000, ಒಟ್ಟು 1.2 ಕೋಟಿ ಪಿಕ್ಸೆಲ್. ಒಂದಕ್ಕೆ 4 ಬೈಟ್ ಅಂತ ಹಿಡಿದರೆ ಮೆಮೊರಿಯಲ್ಲಿ ಹತ್ತಿರ ಹತ್ತಿರ 48 ಎಂಬಿ. ಪುಟ ಸರಿದಂತೆಲ್ಲ ಇಂಥ ಒಂದೊಂದನ್ನೂ ಬಿಚ್ಚಿ, ಅಂಗೈಯಗಲಕ್ಕೆ ಕುಗ್ಗಿಸಿ ತೋರಿಸಬೇಕು. ಕಂಪ್ಯೂಟರ್ ಏದುಸಿರು ಬಿಡದೆ ಇನ್ನೇನು ಮಾಡೀತು?

ಹಾಗಾದರೆ ಎಷ್ಟು ಪಿಕ್ಸೆಲ್ ಸಾಕು? ಎ4 ಹಾಳೆಯಲ್ಲಿ ಎರಡೂ ಬದಿ ಒಂದೊಂದು ಇಂಚು ಅಂಚು ಬಿಟ್ಟರೆ ಉಳಿಯುವುದು ಸುಮಾರು 6.3 ಇಂಚು. ಪ್ರಿಂಟಿಗೆ ಇಂಚಿಗೆ 220 ಪಿಕ್ಸೆಲ್ ಇದ್ದರೆ ಚೆನ್ನಾಗಿಯೇ ಕಾಣುತ್ತದೆ. ಅಂದರೆ ಪುಟದಗಲದ ಫೋಟೋಗೂ 1400 ಪಿಕ್ಸೆಲ್ ಅಗಲ ಸಾಕು. ಅಕ್ಕಪಕ್ಕ ಎರಡು ಕೂರಿಸುವುದಾದರೆ 700. ಫೋಟೋವನ್ನು 1400 × 1050ಕ್ಕೆ ಇಳಿಸಿದರೆ ಮೆಮೊರಿಯ ಭಾರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈ ಕೆಲಸವನ್ನು ವರ್ಡ್‌ಗೆ ಹಾಕುವ ಮೊದಲೇ ಮಾಡಿ ಅನ್ನುವುದು ನನ್ನ ಸಲಹೆ. ಪೇಂಟ್‌ನಲ್ಲಿ ಫೋಟೋ ತೆರೆದು, ರೀಸೈಜ್ ಒತ್ತಿ, ಪಿಕ್ಸೆಲ್ಸ್ ಆರಿಸಿ, ಅಡ್ಡಕ್ಕೆ 1400 ಅಂತ ಕೊಟ್ಟರೆ ಆಯಿತು. ಬೇರೆ ಹೆಸರಲ್ಲಿ ಸೇವ್ ಮಾಡಿ, ಇಲ್ಲವಾದರೆ ಮೂಲ ಫೋಟೋ ಹೋಗುತ್ತದೆ. ಮೂವತ್ತನ್ನೂ ಹೀಗೆ ಒಂದೊಂದಾಗಿ ಮಾಡುತ್ತಾ ಕೂರಬೇಡಿ. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಎಂಬ ಸಾಧನಗಳ ಕಟ್ಟು ಇದೆ, ಉಚಿತ. ಅದರ ಇಮೇಜ್ ರೀಸೈಜರ್ ಇದ್ದರೆ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್‌ನಲ್ಲೇ ಮುಗಿಸಬಹುದು. ಮ್ಯಾಕ್‌ನಲ್ಲಿ ಪ್ರಿವ್ಯೂನ ಅಡ್ಜಸ್ಟ್ ಸೈಜ್ ಇದೆ.

ನಿಮ್ಮ ಫೈಲಿನಲ್ಲಿ ಈಗಾಗಲೇ ಹಾಕಿಬಿಟ್ಟಿದ್ದೀರಿ. ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ. ಯಾವುದಾದರೂ ಫೋಟೋ ಕ್ಲಿಕ್ ಮಾಡಿ, ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ಕಂಪ್ರೆಸ್ ಪಿಕ್ಚರ್ಸ್ ತೆರೆಯಿರಿ. ಅಲ್ಲಿ 'ಅಪ್ಲೈ ಓನ್ಲಿ ಟು ದಿಸ್ ಪಿಕ್ಚರ್' ಎಂಬ ಟಿಕ್ ತೆಗೆಯಬೇಕು. ಇದನ್ನು ಮರೆತು 'ಏನೂ ಕಮ್ಮಿಯಾಗಲಿಲ್ಲ' ಎನ್ನುವವರೇ ಜಾಸ್ತಿ. 'ಡಿಲೀಟ್ ಕ್ರಾಪ್ಡ್ ಏರಿಯಾಸ್'ಗೆ ಟಿಕ್ ಇರಲಿ. ಪ್ರಿಂಟಿಗೆ 220, ತೆರೆಯಲ್ಲಷ್ಟೇ ಓದುವುದಾದರೆ 150 ಆರಿಸಿ ಸೇವ್ ಮಾಡಿ. ಲಿಬ್ರೆಆಫೀಸ್ ರೈಟರ್‌ನಲ್ಲಾದರೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕಂಪ್ರೆಸ್ ಸಿಗುತ್ತದೆ.

ಆಮೇಲೂ ಫೈಲು ದಪ್ಪವಾಗಿಯೇ ಇದ್ದರೆ? ವರ್ಡ್‌ನ ಡಾಕ್ಸ್ (.docx) ಫೈಲ್ ಅಂದರೆ ಒಳಗೊಳಗೆ ಒಂದು ಜಿಪ್ ಫೈಲೇ, ಹಲವು ಫೈಲು ಸೇರಿಸಿ ಕಟ್ಟಿದ ಗಂಟು. ಈ ಫೈಲಿನ ಇನ್ನೊಂದು ಕಾಪಿ ಮಾಡಿ, ಅದರ ಹೆಸರಿನ ಕೊನೆಯ .docx ಅನ್ನು .zip ಮಾಡಿ ತೆರೆಯಿರಿ. ವರ್ಡ್ ಫೋಲ್ಡರಿನೊಳಗೆ ಮೀಡಿಯಾ ಅಂತ ಇನ್ನೊಂದಿದೆ. ಚಿತ್ರಗಳೆಲ್ಲ ಅಲ್ಲೇ ಇರುತ್ತವೆ. ಗಾತ್ರದ ಪ್ರಕಾರ ಜೋಡಿಸಿದರೆ ಕಳ್ಳ ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಎಷ್ಟೋ ಸಲ ಅದು ಬೇರೆಲ್ಲಿಂದಲೋ ಕಾಪಿ-ಪೇಸ್ಟ್ ಮಾಡಿದ ಫೋಟೋ ಆಗಿರುತ್ತದೆ. ಪೇಸ್ಟ್ ಮಾಡಿದಾಗ ಜೆಪೆಗ್ ಹೋಗಿ ಪಿಎನ್‌ಜಿ ಎಂಬ ಇನ್ನೊಂದು ಬಗೆಯ, ಭಾರದ ಚಿತ್ರ ಆಗಿಬಿಡುವುದುಂಟು. ಅದಕ್ಕೇ ಇನ್ಸರ್ಟ್ ಮೆನುವಿನಿಂದ ಹಾಕುವುದು ಮೇಲು.

ಇವತ್ತೇ ವರದಿ ಕೊಡಬೇಕು, ಇದಕ್ಕೆಲ್ಲ ಪುರುಸೊತ್ತಿಲ್ಲ ಅಂತಾದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ 'ಶೋ ಪಿಕ್ಚರ್ ಪ್ಲೇಸ್‌ಹೋಲ್ಡರ್ಸ್'ಗೆ ಟಿಕ್ ಹಾಕಿ. ಸಾಲಿನೊಳಗೆ ಕೂತ ಫೋಟೋಗಳ ಜಾಗದಲ್ಲಿ ಖಾಲಿ ಚೌಕ ಬರುತ್ತದೆ, ಟೈಪಿಂಗ್ ಸಲೀಸಾಗುತ್ತದೆ. ಬರೆದು ಮುಗಿಸಿದ ಮೇಲೆ ಆ ಟಿಕ್ ತೆಗೆಯಿರಿ.