ಕಪ್‌ಗೆ ಕಾಣದ ಬೆರಕೆ

ಇಂಧನದಲ್ಲಿ ನೀರು ಸೇರಿದೆಯಾ ಅಂತ ನೋಡುವುದು ಸಣ್ಣ ವಿಮಾನ ಹಾರಿಸುವವರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು. ರೆಕ್ಕೆಯ ಅಡಿಯ ಡ್ರೈನ್‌ಗೆ ಪಾರದರ್ಶಕ ಕಪ್ ಒತ್ತಿ, ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಇಳಿಸಿ, ಬೆಳಕಿಗೆ ಹಿಡಿದು ನೋಡಬೇಕು. ಪಿಸ್ಟನ್ ಎಂಜಿನ್ನಿಗೆ ಹಾಕುವ ಏವ್‌ಗ್ಯಾಸ್ 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ತಿಳಿ ನೀಲಿ. ನೀರಿಗೆ ತೂಕ ಜಾಸ್ತಿ, ಬಣ್ಣವಿಲ್ಲದೆ ತಳದಲ್ಲಿ ಕೂರುತ್ತದೆ, ಎರಡರ ನಡುವೆ ಗೆರೆ ಕಾಣಿಸುತ್ತದೆ. ಕಪ್ ಪೂರ್ತಿ ನೀರೇ ಬಂದರೆ ಮಾತ್ರ ಗೆರೆ ಕಾಣಿಸುವುದಿಲ್ಲ. ಅದಕ್ಕೇ ಬಣ್ಣ, ವಾಸನೆ ಎರಡನ್ನೂ ನೋಡಬೇಕು.

ನೀರನ್ನು ಹಿಡಿಯಲು ಈ ಕಪ್ ಒಳ್ಳೆಯ ಸಾಧನ. ಆದರೆ ಎಲ್ಲ ತಪ್ಪೂ ನೀರಿನದ್ದಲ್ಲ.

ಅಮೆರಿಕದ ಹೆಸರಾಂತ ಪೈಲಟ್ ಬಾಬ್ ಹೂವರ್ ಅವರ ಪಿಸ್ಟನ್ ಎಂಜಿನ್ ವಿಮಾನಕ್ಕೆ ಒಮ್ಮೆ ಏವ್‌ಗ್ಯಾಸ್ ಬದಲು ಸೀಮೆಎಣ್ಣೆಯಂಥ ಜೆಟ್ ಇಂಧನ ತುಂಬಿಬಿಟ್ಟಿದ್ದರು. ಪೈಪುಗಳಲ್ಲಿ ಹಳೆಯ ಇಂಧನ ಉಳಿದಿತ್ತು, ಹಾಗಾಗಿ ವಿಮಾನ ಮೇಲೇರಿತು. ಆಮೇಲೆ ಎರಡೂ ಎಂಜಿನ್‌ಗಳ ಬಲ ಹೋಯಿತು. ವಿಮಾನ ಹಳ್ಳಕ್ಕೆ ಬಿದ್ದರೂ ಅವರು ಬದುಕುಳಿದರು. ಈಗ ಏವ್‌ಗ್ಯಾಸ್ ಟ್ಯಾಂಕಿನ ಬಾಯಿ 60 ಮಿ.ಮೀ. ಮೀರುವಂತಿಲ್ಲ. ಅದರೊಳಗೆ ಹೋಗದಷ್ಟು ಅಗಲದ ಚಪ್ಪಟೆ ನಳಿಕೆಯನ್ನು ಜೆಟ್ ಇಂಧನಕ್ಕೆ ಇಡುತ್ತಾರೆ. ಆ ನಳಿಕೆಗೆ ಹೂವರ್ ಅವರದೇ ಹೆಸರು. ಅನುಮಾನ ಬಂದರೆ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಬಹುದು. ಏವ್‌ಗ್ಯಾಸ್ ಆವಿಯಾಗಿಬಿಡುತ್ತದೆ. ಜೆಟ್ ಇಂಧನವಿದ್ದರೆ ಬೋಂಡ ಕಟ್ಟಿದ ಪೇಪರಿನ ಹಾಗೆ ಜಿಡ್ಡಿನ ಗುರುತು ಉಳಿಯುತ್ತದೆ.

ಕಪ್‌ಗೂ ಕಾಗದಕ್ಕೂ ಸಿಗದ ಬೆರಕೆ ಆಸ್ಟ್ರೇಲಿಯಾದಲ್ಲಿ ಬಯಲಾಯಿತು. 1999ರ ಕೊನೆಯಲ್ಲಿ ಅಲ್ಲಿನ ಸಣ್ಣ ವಿಮಾನಗಳ ಇಂಧನ ವ್ಯವಸ್ಥೆಯೊಳಗೆ ಕಪ್ಪು ಅಂಟು ಕಾಣಿಸಿಕೊಂಡಿತು. ಅದು ಕಟ್ಟಿಕೊಂಡರೆ ಎಂಜಿನ್ನಿಗೆ ಇಂಧನ ಸರಿಯಾಗಿ ಹೋಗುವುದಿಲ್ಲ. ಜಾಡು ಹಿಡಿದಾಗ ಸಿಕ್ಕಿದ್ದು ಮೆಲ್ಬೋರ್ನ್ ಬಳಿಯ ಆಲ್ಟೋನಾದ ಮೊಬಿಲ್ ರಿಫೈನರಿ. ಆಮ್ಲದ ಕಾಟ ತಡೆಯಲು ಅಲ್ಲಿ ಎಥಿಲೀನ್ ಡೈಯಮೀನ್ ಎಂಬ ರಾಸಾಯನಿಕ ಬಳಸುತ್ತಿದ್ದರು. ಅದರ ಚೂರುಪಾರು ಏವ್‌ಗ್ಯಾಸ್‌ನಲ್ಲೇ ಉಳಿದಿತ್ತು. ಹಿತ್ತಾಳೆಯ ಬಿಡಿಭಾಗಗಳಲ್ಲಿರುವ ತಾಮ್ರದ ಜೊತೆ ಸೇರಿ ಅಂಟಾಗುತ್ತಿತ್ತು.

ಇಂಧನ ಗುಣಮಟ್ಟದ ಪರೀಕ್ಷೆ ಪಾಸಾಗಿಯೇ ಹೊರಬಂದಿತ್ತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಯೋಚಿಸಬೇಕಾದದ್ದು ಇದನ್ನೇ. ಈ ರಾಸಾಯನಿಕ ಇದೆಯಾ ಅಂತ ಆ ಪರೀಕ್ಷೆಗಳಲ್ಲಿ ಯಾರೂ ಹುಡುಕುತ್ತಿರಲಿಲ್ಲ. 2000ದ ಜನವರಿಯಲ್ಲಿ ಸಾವಿರಾರು ವಿಮಾನಗಳು ನೆಲಕ್ಕಂಟಿ ನಿಂತವು. ದೂರದ ಊರುಗಳಿಗೆ ಜನರನ್ನು ಒಯ್ಯುವವು, ಬೆಳೆಗೆ ಔಷಧಿ ಸಿಂಪಡಿಸುವವು, ತರಬೇತಿ ವಿಮಾನಗಳು, ಎಲ್ಲವೂ. ಇಷ್ಟು ಸಣ್ಣ ಪ್ರಮಾಣವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಹೊಸದಾಗಿ ರೂಪಿಸಬೇಕಾಯಿತು. ಪೈಲಟ್ ಎಷ್ಟೇ ಜಾಗರೂಕನಾಗಿದ್ದರೂ ಕಪ್ ಹಿಡಿದು ಇದನ್ನು ತಡೆಯಲು ಆಗುತ್ತಿರಲಿಲ್ಲ, ಅಲ್ವಾ? ತಡೆಯಬೇಕಿದ್ದದ್ದು ರಿಫೈನರಿಯಲ್ಲೇ.

ಇಪ್ಪತ್ತು ವರ್ಷವಾಗುವ ಹೊತ್ತಿಗೆ ಅಮೆರಿಕದಲ್ಲಿ ಸಣ್ಣ ಜೆಟ್‌ಗಳಿಗೆ ಇನ್ನೊಂದು ಬಗೆಯ ಬೆರಕೆ ಕಾಡಿತು. ಮಂಜುಗಟ್ಟದಂತೆ ಜೆಟ್ ಇಂಧನಕ್ಕೆ ಬೆರೆಸುವ ದ್ರವಕ್ಕೆ ಬಣ್ಣವಿಲ್ಲ. ಡೀಸೆಲ್ ಹೊಗೆ ಶುದ್ಧ ಮಾಡಲು ನಮ್ಮ ಬಿಎಸ್-6 ಲಾರಿಗಳಿಗೂ ಹಾಕುವ ಡಿಇಎಫ್ ಎಂಬ ದ್ರವಕ್ಕೂ ಬಣ್ಣವಿಲ್ಲ. ಇಂಧನ ತುಂಬುವ ಟ್ರಕ್‌ಗಳಿಗೆ ಡಿಇಎಫ್ ಬೇಕಾದ್ದರಿಂದ ಅದು ವಿಮಾನ ನಿಲ್ದಾಣದೊಳಕ್ಕೂ ಬಂದಿತ್ತು. 2019ರ ಮೇ ತಿಂಗಳಲ್ಲಿ ಫ್ಲೋರಿಡಾದ ಪುಂಟಾ ಗೋರ್ಡಾದಲ್ಲಿ ಮಂಜು ತಡೆಯುವ ದ್ರವದ ಬದಲು ಡಿಇಎಫ್ ಬಿತ್ತು. ಡಿಇಎಫ್‌ನಲ್ಲಿರುವ ಯೂರಿಯಾ ಜೆಟ್ ಇಂಧನದಲ್ಲಿ ಹರಳುಗಟ್ಟಿ ಫಿಲ್ಟರ್ ಕಟ್ಟಿಸುತ್ತದೆ. ಅಲ್ಲಿಂದ ಹೊರಟ ಎರಡು ಸೈಟೇಷನ್ ಜೆಟ್‌ಗಳು ಎಂಜಿನ್ ಬಲ ಕಳೆದುಕೊಂಡು, ಒಂದು ಸವಾನಾದಲ್ಲಿ, ಇನ್ನೊಂದು ಲೂಯಿವಿಲ್‌ನಲ್ಲಿ ಇಳಿಯಬೇಕಾಯಿತು.