ಸೂಜಿ ಬಂದರೂ ಮುಲಾಮು ಬಿಡುವಂತಿಲ್ಲ

"ಸಾಹೇಬರೇ, ಹಚ್ಚಿ ಹಚ್ಚಿ ಸಾಕಾಯಿತು, ಕೂಸಿಗೆ ಒಂದು ಸೂಜಿ ಮಾಡಿಬಿಡಿ." ರಾಯಚೂರಿನ ಚರ್ಮರೋಗ ವೈದ್ಯನಾಗಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಮಕ್ಕಳ ತೀವ್ರ ಇಸಬಿಗೆ ಹೊಸ ಇಂಜೆಕ್ಷನ್ ಬಂದಿರುವ ಸುದ್ದಿ ಮೊಬೈಲ್‌ನಲ್ಲಿ ಹರಡಿದ ಮೇಲಂತೂ ಒತ್ತಾಯ ಹೆಚ್ಚಿದೆ.

ಹಳ್ಳಿಗಳಲ್ಲಿ ಕೆಲವರು ಹಾಕುವ ಸೂಜಿ ಸ್ಟೀರಾಯ್ಡ್. ಎರಡು ದಿನಕ್ಕೆ ತುರಿಕೆ ಮಾಯವಾಗಿ, ಕೆಲವು ವಾರಗಳಲ್ಲಿ ಮತ್ತಷ್ಟು ಜೋರಾಗಿ ಮರಳುತ್ತದೆ. ಪದೇ ಪದೇ ಹಾಕಿಸಿದರೆ ಮಗುವಿನ ಬೆಳವಣಿಗೆಗೇ ಪೆಟ್ಟು. ಹೊಸದು ಡುಪಿಲುಮ್ಯಾಬ್, ಬೇರೆಯೇ ಔಷಧ. ದೇಹದ ರಕ್ಷಣಾ ವ್ಯವಸ್ಥೆಯಲ್ಲಿ ಇಸಬಿನ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಸಂದೇಶವಾಹಕ ಪ್ರೋಟೀನುಗಳ ಕೆಲಸವನ್ನಷ್ಟೇ ಇದು ತಡೆಯುತ್ತದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆರು ತಿಂಗಳ ಮಗುವಿಗೂ ಇದನ್ನು ಕೊಡಲು ಒಪ್ಪಿತು.

ತಂದೆತಾಯಿಯರ ಕಿವಿಗೆ ಬೀಳದಿರುವುದು ಇನ್ನೊಂದಿದೆ. ಆ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಆರು ವರ್ಷದೊಳಗಿನ 162 ಮಕ್ಕಳಿದ್ದರು. ಔಷಧದ ಸೂಜಿ ಪಡೆದವರಿಗೂ ಹುಸಿ ಸೂಜಿ ಪಡೆದವರಿಗೂ ಸೌಮ್ಯ ಸ್ಟೀರಾಯ್ಡ್ ಮುಲಾಮು ಹಚ್ಚಲಾಗಿತ್ತು. 16 ವಾರಗಳಲ್ಲಿ ಔಷಧ ಪಡೆದ ನೂರಕ್ಕೆ 28 ಮಕ್ಕಳ ಚರ್ಮ ಬಹುತೇಕ ತಿಳಿಯಾಯಿತು, ಉಳಿದ ಗುಂಪಿನಲ್ಲಿ ನೂರಕ್ಕೆ 4. ವ್ಯತ್ಯಾಸ ದೊಡ್ಡದೇ. ಆದರೆ ಸೂಜಿ ಗೆದ್ದದ್ದು ಮುಲಾಮಿನ ಜೊತೆಗೆ, ಅದನ್ನು ಬಿಡಿಸಿ ಅಲ್ಲ. ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯೂ ಇದಲ್ಲ. ಚಿಕ್ಕ ಮಕ್ಕಳಿಗೆ ತೂಕ ನೋಡಿ ನಾಲ್ಕು ವಾರಕ್ಕೊಮ್ಮೆ ಕೊಡುತ್ತೇವೆ, ನಿಲ್ಲಿಸಿದರೆ ರೋಗ ಮರಳಬಹುದು. ಖರ್ಚೂ ದೊಡ್ಡದು.

ಸಿಂಧನೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆತಂದು ಇದೇ ಸೂಜಿ ಕೇಳಿದರು. ಅವನ ಮೊಣಕೈ ಮಡಿಕೆಗಳು ಕೆರೆದು ಕೆರೆದು ದಪ್ಪಗಟ್ಟಿದ್ದವು, ರಾತ್ರಿ ಕೆರೆಯದಿರಲೆಂದು ಕೈಗೆ ಕಾಲುಚೀಲ ಹಾಕಿದ್ದರು. ತಿಂಗಳ ಹಿಂದೆ ಕೊಟ್ಟ ಟ್ಯೂಬ್ ತೆಗೆಸಿದರೆ ಮುಕ್ಕಾಲು ಹಾಗೆಯೇ ಇತ್ತು. ವಿಭೂತಿ ಇಡುವಷ್ಟೇ ಹಚ್ಚುತ್ತಿದ್ದರು, ಪಾಪ, ಹೆಚ್ಚಾದರೆ ಕೂಸಿಗೆ ಕೇಡೆಂಬ ಭಯ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಗಲದ ಚರ್ಮಕ್ಕೆ ಸಾಕಾಗುವ ಅಳತೆ. ಅವರ ಬೆರಳ ಮೇಲೆಯೇ ಹಿಂಡಿಸಿ ತೋರಿಸಿದೆ. ಆ ಹುಡುಗನಿಗೆ ಸೂಜಿಯ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಲಾರೆ, ಸರಿಯಾಗಿ ಹಚ್ಚಿಯೂ ಜಗ್ಗದ ಮಕ್ಕಳಿದ್ದಾರೆ. ಈ ಔಷಧ ಅವರಿಗಾಗಿ.

ಚರ್ಮ ತಿಳಿಯಾದಂತೆ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದಂತೆ ಇಳಿಸಿ. ತೇವಾಂಶ ಉಳಿಸುವ ಕ್ರೀಮನ್ನು ಮಾತ್ರ ಬಿಡಬೇಡಿ, ನಮ್ಮ ಒಣಹವೆಯಲ್ಲಂತೂ ಸ್ನಾನವಾದ ಕೂಡಲೇ ಹಚ್ಚಿ. ಸೂಜಿಯ ಮಾತೆತ್ತುವ ಮುನ್ನ ಹಳೆಯ ಟ್ಯೂಬ್‌ಗಳನ್ನೂ ಲಸಿಕೆ ಕಾರ್ಡನ್ನೂ ತನ್ನಿ: ದಡಾರ-ರುಬೆಲ್ಲಾದಂಥ ಜೀವಂತ ಲಸಿಕೆಗಳನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಸೂಜಿ ಶುರುವಾದ ಮೇಲೆ ಮಗುವಿನ ಕಣ್ಣು ಕೆಂಪಾದರೆ ತಡಮಾಡದೆ ತಿಳಿಸಿ.