ಹೊಸ ಕುಲಪತಿಯ ಮೊದಲ ತಿಂಗಳುಗಳನ್ನು ಪರೀಕ್ಷೆಯೇ ಯಾಕೆ ನುಂಗುತ್ತದೆ?

ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿ ಬಂದಾಗಲೆಲ್ಲ ಇಲ್ಲಿನ ಕನ್ನಡಿಗರಲ್ಲಿ ಎರಡು ಪ್ರಶ್ನೆ ಓಡಾಡುತ್ತವೆ. ಸಂಘ ಸಂಸ್ಥೆಗಳಲ್ಲಿ ಇರುವವರು ಕೇಳುವುದು, ಇವರು ಕನ್ನಡ ವಿಭಾಗದ ಕಡೆ ನೋಡುತ್ತಾರಾ ಅಂತ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಕೇಳುವುದು ಇನ್ನೊಂದು: ಈ ಸಲವಾದರೂ ರಿಸಲ್ಟ್ ಟೈಮಿಗೆ ಬರುತ್ತಾ?

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಕುಲಪತಿಯ ಮೊದಲ ತಿಂಗಳುಗಳು ಮುಗಿದುಹೋಗುತ್ತವೆ. ಮೊದಲನೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಇದಕ್ಕೆ ಯಾರೋ ಒಬ್ಬ ಕುಲಪತಿಯ ಸ್ವಭಾವ ಕಾರಣವಲ್ಲ. ಈ ವಿಶ್ವವಿದ್ಯಾಲಯ ಹುಟ್ಟಿದ ರೀತಿಯೇ ಹಾಗಿದೆ. ಅದನ್ನು ತಿಳಿಯದೆ ಹೊಸಬರನ್ನು ಹೊಗಳುವುದೂ ತೆಗಳುವುದೂ ನ್ಯಾಯವಲ್ಲ.

ಭಾರತದ ಶಿಕ್ಷಣದ ಬಗ್ಗೆ ಬ್ರಿಟಿಷರು 1854ರಲ್ಲಿ ಹೊರಡಿಸಿದ ವುಡ್ ವರದಿಯ ಸಲಹೆಯಂತೆ 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ಮೂರೂ ಕಡೆ ವಿಶ್ವವಿದ್ಯಾಲಯಗಳು ಹುಟ್ಟಿದವು. ಮಾದರಿ ಲಂಡನ್ ವಿಶ್ವವಿದ್ಯಾಲಯದ್ದು. ಅಂದರೆ ವಿಶ್ವವಿದ್ಯಾಲಯ ಪಾಠ ಮಾಡುತ್ತಿರಲಿಲ್ಲ. ಪಾಠ ಕಾಲೇಜುಗಳಲ್ಲಿ ನಡೆಯುತ್ತಿತ್ತು. ವಿಶ್ವವಿದ್ಯಾಲಯದ ಕೆಲಸ ಪಠ್ಯ ಗೊತ್ತುಮಾಡುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು, ಅಷ್ಟೆ. 1859ರಲ್ಲಿ ಬಾಂಬೆಯ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆ ನಡೆಯಿತು. ಅದರಲ್ಲಿ ಪಾಸಾದ ಬೆರಳೆಣಿಕೆಯ ಹುಡುಗರಲ್ಲಿ ಮಹಾದೇವ ಗೋವಿಂದ ರಾನಡೆ ಇದ್ದರು, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಇದ್ದರು. ಮುಂದೆ ಅದೇ ಭಂಡಾರ್ಕರ್ 1893ರಲ್ಲಿ ಇದೇ ವಿಶ್ವವಿದ್ಯಾಲಯದ ಕುಲಪತಿಯಾದರು.

ಆಗಿನ ಕುಲಪತಿ ಹುದ್ದೆ ಇವತ್ತಿನಂತೆ ದಿನವಿಡೀ ದುಡಿಯುವ ಕೆಲಸವಲ್ಲ. ಹೈಕೋರ್ಟಿನ ನ್ಯಾಯಮೂರ್ತಿಗಳು, ದೊಡ್ಡ ವಕೀಲರು ತಮ್ಮ ಕೆಲಸದ ಜೊತೆಗೆ ಇದನ್ನೂ ಹೊರುತ್ತಿದ್ದರು. 1892ರಲ್ಲಿ ಮೊದಲ ಭಾರತೀಯ ಕುಲಪತಿಯಾದ ಕಾಶೀನಾಥ ತ್ರ್ಯಂಬಕ ತೆಲಂಗ್ ಹೈಕೋರ್ಟ್ ನ್ಯಾಯಮೂರ್ತಿ. ಫೋರ್ಟ್‌ನಲ್ಲಿ ಹೈಕೋರ್ಟ್ ಮತ್ತು ವಿಶ್ವವಿದ್ಯಾಲಯದ ಕಟ್ಟಡಗಳು ಅಕ್ಕಪಕ್ಕದಲ್ಲೇ ಇವೆ. ಓವಲ್ ಮೈದಾನದಿಂದ ನೋಡಿದರೆ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಮತ್ತು ಹೈಕೋರ್ಟ್ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಬಾಂಬೆಯ ಬಹಳ ಜನ ಕುಲಪತಿಗಳ ಬದುಕು ಈ ಎರಡು ಕಟ್ಟಡಗಳ ನಡುವೆಯೇ ಕಳೆಯಿತು.

ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು. 1909ರಲ್ಲಿ ಕುಲಪತಿಯಾದ ನಾರಾಯಣ ಗಣೇಶ ಚಂದಾವರ್ಕರ್ ಹುಟ್ಟಿದ್ದು ಹೊನ್ನಾವರದಲ್ಲಿ, 1855ರಲ್ಲಿ. ಆಗ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1862ರಲ್ಲಿ ಅದು ಬಾಂಬೆ ಪ್ರಾಂತ್ಯಕ್ಕೆ ಬಂತು. ಕರಾವಳಿಯ ಆ ಹುಡುಗ ಬಾಂಬೆಯಲ್ಲಿ ಓದಿ, ವಕೀಲನಾಗಿ, 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷನಾಗಿ, ಹೈಕೋರ್ಟ್ ನ್ಯಾಯಮೂರ್ತಿಯಾಗಿ, ಕೊನೆಗೆ ತನಗೆ ಪದವಿ ಕೊಟ್ಟ ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಮಗ ವಿಠಲ ಚಂದಾವರ್ಕರ್ ಬಾಂಬೆಯ ಮೇಯರ್ ಆಗಿದ್ದವರು. 1933ರಿಂದ 1939ರವರೆಗೆ ಅವರೂ ಕುಲಪತಿಯಾಗಿದ್ದರು. ಅಪ್ಪ ಮಗ ಇಬ್ಬರೂ ಕೂತ ಕುರ್ಚಿ ಅದು. ಆಮೇಲೆ 1966ರಲ್ಲಿ ಪಿ. ಬಿ. ಗಜೇಂದ್ರಗಡ್ಕರ್ ಬಂದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಆಗತಾನೇ ನಿವೃತ್ತರಾಗಿದ್ದರು. ಅವರ ಮನೆತನದ ಮೂಲ ನಮ್ಮ ಗಜೇಂದ್ರಗಡ. ಸ್ವತಃ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಈ ಹೆಸರುಗಳನ್ನು ನಮ್ಮ ಸಭೆಗಳಲ್ಲಿ ಇನ್ನೂ ಜಾಸ್ತಿ ಹೇಳಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಈ ವಿಶ್ವವಿದ್ಯಾಲಯದಲ್ಲಿ ನಾವು ಹೊರಗಿನವರಲ್ಲ.

ಬರೀ ದೊಡ್ಡವರ ಮಾತಲ್ಲ ಇದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಮಕ್ಕಳಿಗೆಲ್ಲ ಮೆಟ್ರಿಕ್ಯುಲೇಷನ್ ಅಂದರೆ ಬಾಂಬೆ ವಿಶ್ವವಿದ್ಯಾಲಯದ ಪರೀಕ್ಷೆಯೇ ಆಗಿತ್ತು. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಇದರ ಅಡಿಯಲ್ಲಿ. ಬೇಂದ್ರೆ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು ಇದರ ಅಡಿಯಲ್ಲಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು, 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಶುರುವಾದಾಗ ಅವುಗಳ ಪರೀಕ್ಷೆಯೂ ಬಾಂಬೆಯದ್ದೇ. ಸ್ವಾತಂತ್ರ್ಯ ಬಂದ ಮೇಲೆ ಇಷ್ಟು ದೊಡ್ಡ ಹರವು ಒಡೆಯಿತು. 1949ರಲ್ಲಿ ಪುಣೆ ಮತ್ತು ಗುಜರಾತ್ ವಿಶ್ವವಿದ್ಯಾಲಯಗಳು ಬೇರೆಯಾದವು. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯವೂ ಶುರುವಾಯಿತು. ಆದರೆ ಮೊದಲು ಶುರುವಾಗಿದ್ದು ಮುಂಬಯಿಯಲ್ಲೇ! ಧಾರವಾಡಕ್ಕೆ ಹೋಗಿದ್ದು 1950ರಲ್ಲಿ. ಗೋವಾದ ಕಾಲೇಜುಗಳಂತೂ 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಬರುವವರೆಗೆ ಬಾಂಬೆಯ ಜೊತೆಗೇ ಇದ್ದವು.

ಹೀಗೆ ಒಂದೊಂದೇ ಪ್ರದೇಶ ಬಿಟ್ಟುಹೋದರೆ ಭಾರ ಕಡಿಮೆಯಾಗಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಈಗ ಉಳಿದಿರುವುದು ಮುಂಬಯಿ ನಗರ, ಉಪನಗರ, ಠಾಣೆ, ಪಾಲ್ಘರ್, ರಾಯಗಡ, ರತ್ನಾಗಿರಿ, ಸಿಂಧುದುರ್ಗ ಎಂಬ 7 ಜಿಲ್ಲೆಗಳು. ಆದರೆ ಈ ಜಿಲ್ಲೆಗಳಲ್ಲಿ ಕಾಲೇಜುಗಳ ಸಂಖ್ಯೆ ಏರುತ್ತಲೇ ಹೋಯಿತು. ಬಿಕಾಂ ಒಂದೇ ಇದ್ದ ಕಡೆ ಬಿಎಂಎಸ್, ಬಿಎಎಫ್, ಬಿಬಿಐ ಎಂದು ಮ್ಯಾನೇಜ್ಮೆಂಟ್, ಅಕೌಂಟಿಂಗ್, ಬ್ಯಾಂಕಿಂಗಿನ ಹೊಸ ಹೊಸ ಕೋರ್ಸುಗಳು ಬಂದವು. ವರ್ಷದ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. ಪ್ರತಿ ಸೆಮಿಸ್ಟರ್‌ಗೂ ಫೇಲಾದ ವಿಷಯಗಳನ್ನು ಮತ್ತೆ ಬರೆಯುವ ಕೆಟಿ ಪರೀಕ್ಷೆ, ರೀವ್ಯಾಲ್ಯುಯೇಷನ್. 1857ರಲ್ಲಿ ಕೆಲವೇ ಕಾಲೇಜುಗಳಿಗಾಗಿ ಮಾಡಿದ ಏರ್ಪಾಡಿನ ಮೇಲೆ ಮಹಡಿಯ ಮೇಲೆ ಮಹಡಿ ಕಟ್ಟಿದ ಹಾಗಾಯಿತು.

1949ರಲ್ಲಿ ರಾಧಾಕೃಷ್ಣನ್ ಆಯೋಗ, ಕುಲಪತಿ ಪೂರ್ಣಾವಧಿಯ, ಸಂಬಳದ ಹುದ್ದೆ ಆಗಬೇಕು ಎಂದು ಹೇಳಿತ್ತು. ಕ್ರಮೇಣ ಎಲ್ಲ ಕಡೆ ಹಾಗೇ ಆಯಿತು. ಮಹಾರಾಷ್ಟ್ರದಲ್ಲಿ ಈಗ ನಡೆಯುತ್ತಿರುವುದು 2016ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆ. ಅದರ ಪ್ರಕಾರ ಶೋಧನಾ ಸಮಿತಿ ಹೆಸರುಗಳನ್ನು ಸೂಚಿಸುತ್ತದೆ, ಕುಲಾಧಿಪತಿಯಾದ ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ಅವಧಿ 5 ವರ್ಷ, ಇಲ್ಲವೇ 65 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅದು. ತುರ್ತು ಇದ್ದರೆ ವಿಶ್ವವಿದ್ಯಾಲಯದ ಮಂಡಳಿಗಳ ಸಭೆಗೆ ಕಾಯದೆ ಕುಲಪತಿ ತಾವೇ ತೀರ್ಮಾನ ಮಾಡಿ, ಆಮೇಲೆ ಸಭೆಯ ಮುಂದೆ ಇಡಬಹುದು. ಅಧಿಕಾರ ದೊಡ್ಡದೇ. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಪರೀಕ್ಷೆ ಮುಗಿದ 30 ದಿನದಲ್ಲಿ ಫಲಿತಾಂಶ ಕೊಡಬೇಕು, ಏನೇ ಆದರೂ 45 ದಿನ ದಾಟಬಾರದು. ಹೊಸ ಕುಲಪತಿಯನ್ನು ಊರು ಅಳೆಯುವುದು ಈ 45 ದಿನಗಳಿಂದ.

2017 ಇದನ್ನು ಎಲ್ಲರಿಗೂ ತೋರಿಸಿಕೊಟ್ಟಿತು. ಆಗ ಕುಲಪತಿಯಾಗಿದ್ದವರು ಸಂಜಯ್ ದೇಶ್‌ಮುಖ್, 2015ರಲ್ಲಿ ಬಂದವರು. ಆ ವರ್ಷ ಎಲ್ಲ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸುವ ತೀರ್ಮಾನವಾಯಿತು. ಯೋಚನೆ ತಪ್ಪಲ್ಲ. ಪತ್ರಿಕೆ ಕಳೆದುಹೋಗುವುದಿಲ್ಲ, ಯಾರು ಎಷ್ಟು ತಿದ್ದಿದರು ಎಂಬುದು ಗೊತ್ತಾಗುತ್ತದೆ. ಆದರೆ ಸುಮಾರು 17 ಲಕ್ಷ ಉತ್ತರ ಪತ್ರಿಕೆಗಳನ್ನು ಒಂದೇ ಬೇಸಿಗೆಯಲ್ಲಿ ಹೊಸ ವ್ಯವಸ್ಥೆಗೆ ತಳ್ಳಲಾಯಿತು. ಸ್ಕ್ಯಾನಿಂಗ್ ತಡವಾಯಿತು. ಪ್ರಾಧ್ಯಾಪಕರಿಗೆ ತರಬೇತಿ ಸಾಲಲಿಲ್ಲ. ಜುಲೈ 31ರೊಳಗೆ ಫಲಿತಾಂಶ ಬರಲೇಬೇಕು ಎಂದು ರಾಜ್ಯಪಾಲರು ಗಡುವು ಕೊಟ್ಟರು. ಅದೂ ದಾಟಿತು. ಹೊರದೇಶದ ಪ್ರವೇಶಕ್ಕೆ, ಸ್ನಾತಕೋತ್ತರ ಪ್ರವೇಶಕ್ಕೆ ಮಾರ್ಕ್‌ಶೀಟ್ ಬೇಕಿದ್ದ ಮಕ್ಕಳು ಕಂಗಾಲಾದರು. ಅಕ್ಟೋಬರ್‌ನಲ್ಲಿ ರಾಜ್ಯಪಾಲರು ಕುಲಪತಿಯನ್ನೇ ಹುದ್ದೆಯಿಂದ ತೆಗೆದರು.

ಆಮೇಲಿನ ತಿಂಗಳುಗಳಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿ ಇಲ್ಲಿನ ಇನ್‌ಚಾರ್ಜ್ ಆಗಿದ್ದರು. 2018ರ ಏಪ್ರಿಲ್‌ನಲ್ಲಿ ರುಯಿಯಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸುಹಾಸ್ ಪೆಡ್ನೇಕರ್ ಬಂದರು. ಅವರ ಕಾಲದಲ್ಲೇ 2021ರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನಿಂದ ಎ ಪ್ಲಸ್ ಪ್ಲಸ್ ದರ್ಜೆ ಸಿಕ್ಕಿತು, 4ಕ್ಕೆ 3.65 ಅಂಕ. 2022ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿದ ಮೇಲೆ ಮತ್ತೆ ಇನ್‌ಚಾರ್ಜ್, ಮತ್ತೆ ಕೊಲ್ಹಾಪುರದಿಂದಲೇ. ಒಂದು ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಮೊದಲೇ ಗೊತ್ತಿರುವ ವಿಷಯ. ಆದರೂ ಮುಂದಿನವರನ್ನು ಆರಿಸಲು 9 ತಿಂಗಳು ಹಿಡಿಯಿತು. ಇದು ನನಗೆ ತುಂಬಾ ಬೇಸರ ತರಿಸುವ ಸಂಗತಿ. ಇನ್‌ಚಾರ್ಜ್ ಇರುವಾಗ ದೊಡ್ಡ ತೀರ್ಮಾನಗಳೆಲ್ಲ ಮುಂದಕ್ಕೆ ಹೋಗುತ್ತವೆ. ಹೊಸಬರು ಬಂದ ದಿನವೇ ಆ ಫೈಲುಗಳೆಲ್ಲ ಅವರ ಮೇಜಿನ ಮೇಲೆ ಬೀಳುತ್ತವೆ.

2023ರ ಜೂನ್‌ನಲ್ಲಿ ರವೀಂದ್ರ ಕುಲಕರ್ಣಿ ಕುಲಪತಿಯಾದರು. ಮುಂಚೆ ಇಲ್ಲೇ ಪ್ರೊ-ವಿಸಿ, ಅಂದರೆ ಸಹ ಕುಲಪತಿ ಆಗಿದ್ದವರು, ಒಳಗಿನದೆಲ್ಲ ಗೊತ್ತಿದ್ದವರು. ಆದರೆ ಜೂನ್ ಅಂದರೆ ಮುಂಬಯಿಯಲ್ಲಿ ಅಡ್ಮಿಷನ್ ತಿಂಗಳು, ಜೊತೆಗೆ ರಿಸಲ್ಟ್ ತಿಂಗಳು. ಅದೇ ಶೈಕ್ಷಣಿಕ ವರ್ಷದಲ್ಲಿ ಸ್ವಾಯತ್ತ ಕಾಲೇಜುಗಳಲ್ಲಿ ಹೊಸ ಶಿಕ್ಷಣ ನೀತಿ ಶುರುವಾಗಬೇಕಿತ್ತು, ಮರುವರ್ಷ ಉಳಿದ ಕಾಲೇಜುಗಳಲ್ಲಿ. ಇದರ ನಡುವೆ ಸೆಪ್ಟೆಂಬರ್‌ಗೆ ಗೊತ್ತಾಗಿದ್ದ, ವಿಶ್ವವಿದ್ಯಾಲಯದ ದೊಡ್ಡ ಸಭೆಯಾದ ಸೆನೆಟ್‌ನ ಚುನಾವಣೆಗೆ ಆಗಸ್ಟ್‌ನಲ್ಲಿ ದಿಢೀರನೆ ತಡೆ ಬಿತ್ತು. ಮೂರೇ ತಿಂಗಳಲ್ಲಿ ಇಷ್ಟೆಲ್ಲ. ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನ ಒಂದೊಂದು ವಿಭಾಗಕ್ಕೂ ಹೋಗಿ ಕೂತು ಮಾತಾಡಲು ಯಾರಿಗೇ ಆದರೂ ಬಿಡುವು ಎಲ್ಲಿ ಸಿಗಬೇಕು?

ನಷ್ಟ ಆಗುವುದು ಇಲ್ಲೇ. ಇದೇ ಕಲಿನಾದಲ್ಲಿ ನಮ್ಮ ಕನ್ನಡ ವಿಭಾಗ ಇದೆ. ಶ್ರೀನಿವಾಸ ಹಾವನೂರರಂಥ ಸಂಶೋಧಕರು ಮುನ್ನಡೆಸಿದ ವಿಭಾಗ. ತಾಳ್ತಜೆ ವಸಂತಕುಮಾರ್, ಜಿ. ಎನ್. ಉಪಾಧ್ಯ ಮುಂತಾದವರು ಬೆಳೆಸಿದ ವಿಭಾಗ. ಹೊಟೇಲು, ಬ್ಯಾಂಕು, ಕಚೇರಿಗಳಲ್ಲಿ ದುಡಿಯುತ್ತಲೇ ಇಲ್ಲಿ ಎಂ.ಎ. ಮಾಡಿದವರು, ಪಿಎಚ್.ಡಿ. ಪಡೆದವರು ಮುಂಬಯಿಯ ಕನ್ನಡ ಬರಹಗಾರರಲ್ಲಿ ಎಷ್ಟೋ ಜನ ಇದ್ದಾರೆ. ಲಕ್ಷಗಟ್ಟಲೆ ವಿದ್ಯಾರ್ಥಿಗಳ ವಿಶ್ವವಿದ್ಯಾಲಯದಲ್ಲಿ ಇಂಥ ಸಣ್ಣ ವಿಭಾಗ ಗಲಾಟೆ ಮಾಡುವುದಿಲ್ಲ. ಅದರ ರಿಸಲ್ಟ್ ತಡವಾದರೆ ಟಿವಿಯಲ್ಲಿ ಬರುವುದಿಲ್ಲ. ನಿವೃತ್ತರಾದ ಅಧ್ಯಾಪಕರ ಜಾಗ ತುಂಬದಿದ್ದರೂ ಯಾರೂ ಕೇಳುವುದಿಲ್ಲ. ಹಾಗಾಗಿ ಪರೀಕ್ಷೆಯ ಗದ್ದಲದಲ್ಲಿ ಮೊದಲು ಮರೆತುಹೋಗುವುದು ಇಂಥ ವಿಭಾಗಗಳೇ.

ಆದರೆ ಸಮುದಾಯದ ಕಡೆ ನೋಡಿದ ಕುಲಪತಿಗಳೂ ಇದ್ದರು. 1995ರಿಂದ 2000ದವರೆಗೆ ಕುಲಪತಿಯಾಗಿದ್ದ ಮಕ್ಕಳ ಶಸ್ತ್ರವೈದ್ಯೆ ಸ್ನೇಹಲತಾ ದೇಶ್‌ಮುಖ್, ಪದವಿ ಪ್ರಮಾಣಪತ್ರದಲ್ಲಿ ತಾಯಿಯ ಹೆಸರೂ ಇರಬೇಕು ಎಂದು ತೀರ್ಮಾನಿಸಿದರು. ಅದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ, ಕೋಟಿಗಟ್ಟಲೆ ಹಣವೂ ಬೇಕಾಗಲಿಲ್ಲ. ಲಕ್ಷಾಂತರ ಮನೆಗಳಿಗೆ ಅದು ಮುಟ್ಟಿತು. 1971ರಲ್ಲಿ ಶುರುವಾದ ಅಂಚೆ ಶಿಕ್ಷಣವೂ ಹಾಗೆಯೇ. ಹಗಲು ಕೌಂಟರ್‌ನಲ್ಲಿ ಕೂರುವ ಹುಡುಗನಿಗೆ ಬಿಕಾಂ ಆಗುವ ದಾರಿ ತೆರೆದದ್ದು ಅದು.

ನಮ್ಮ ಜನ ಆ ದಾರಿಗೆ ಬರಲು ಇನ್ನೂ ಮುಂಚೆಯೇ ತಯಾರಾಗಿದ್ದರು. ಕರಾವಳಿಯಿಂದ ಬಂದು ಹೊಟೇಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ ಹುಡುಗರಿಗಾಗಿ ಮೊಗವೀರರು, ಬಿಲ್ಲವರು ಮತ್ತಿತರ ಸಮುದಾಯದವರು ರಾತ್ರಿ ಶಾಲೆ ನಡೆಸಿದರು. ಈಗ ಬಂಟರ ಸಂಘದ ಕಾಲೇಜುಗಳು ಪೊವಾಯಿಯಲ್ಲಿ, ಕುರ್ಲಾದಲ್ಲಿ ಇವೆ. ಅವು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು. ಮಾಟುಂಗದ ಮೈಸೂರು ಅಸೋಸಿಯೇಷನ್ ಮತ್ತು ಕರ್ನಾಟಕ ಸಂಘದ ಸಭಾಂಗಣಗಳಲ್ಲಿ ಕನ್ನಡ ವಿಭಾಗದ ಕಾರ್ಯಕ್ರಮಗಳು ನಡೆದಿವೆ. ಅಂದರೆ ಕುಲಪತಿ ಸಮುದಾಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಮುದಾಯ ಆಗಲೇ ವಿಶ್ವವಿದ್ಯಾಲಯದ ಒಳಗಿದೆ.

ಹಾಗಾದರೆ ಹೊಸ ಕುಲಪತಿ ಬಂದಾಗ ನಾವು ಏನು ಕೇಳಬೇಕು? ಶಾಲು, ಹಾರ, ಫೋಟೋ ಆದ ಮೇಲೆ ಕೈಗೆ ಒಂದು ಕಾಗದ ಕೊಡುವುದಾದರೆ ಅದರಲ್ಲಿ ಕನ್ನಡ ವಿಭಾಗದ ಖಾಲಿ ಹುದ್ದೆಯ ವಿಷಯ ಮೊದಲು ಇರಬೇಕು. ಎರಡನೆಯದು, ಹೊಸ ಶಿಕ್ಷಣ ನೀತಿಯಲ್ಲಿ ಪದವಿ ಓದುವವರಿಗೆ ಭಾರತೀಯ ಭಾಷೆಯ ಕೋರ್ಸಿಗೆ ಜಾಗ ಇದೆ. ಅಲ್ಲಿ ಕನ್ನಡವೂ ಒಂದು ಆಯ್ಕೆಯಾಗಬೇಕು. ಕನ್ನಡಿಗರೇ ನಡೆಸುವ ಕಾಲೇಜುಗಳಲ್ಲಿ ಮೊದಲು ಶುರುಮಾಡಬಹುದು. ಮನೆಯಲ್ಲಿ ತುಳು, ಕನ್ನಡ ಮಾತಾಡಿ ಓದಲು ಬರೆಯಲು ಬಾರದ ಮಕ್ಕಳು ಇಲ್ಲಿ ಬಹಳ ಇದ್ದಾರೆ. ಅವರಿಗೆ ಅಕ್ಷರದಿಂದ ಶುರುವಾಗುವ ಒಂದು ಕೋರ್ಸು ಸಾಕು. ಇದನ್ನು ಕುಲಪತಿ ಮೊದಲ ತಿಂಗಳುಗಳಲ್ಲೇ ಪಠ್ಯಗಳಿಗೆ ಒಪ್ಪಿಗೆ ಕೊಡುವ ಅಕಾಡೆಮಿಕ್ ಕೌನ್ಸಿಲ್ ಮುಂದೆ ತರಬಹುದು. ಪಠ್ಯ ಗಟ್ಟಿಯಾಗಿಬಿಟ್ಟ ಮೇಲೆ ಕೇಳಿದರೆ ಮತ್ತೆ ಕೆಲವು ವರ್ಷ ಕಾಯಬೇಕಾಗುತ್ತದೆ.

ಕಾಗದ ಕೊಡುವುದಷ್ಟೇ ದಾರಿಯಲ್ಲ. ಸೆನೆಟ್‌ನಲ್ಲಿ ಪದವೀಧರರೇ ನೇರವಾಗಿ ಆರಿಸುವ 10 ಸ್ಥಾನಗಳಿವೆ. 2023ರಲ್ಲಿ ನಿಂತುಹೋದ ಆ ಚುನಾವಣೆ ಮುಂದಿನ ವರ್ಷವೂ ಕೊನೆ ಗಳಿಗೆಯಲ್ಲಿ ನಿಂತಿತ್ತು. ಹೈಕೋರ್ಟ್ ಹೇಳಿದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಹತ್ತೂ ಸ್ಥಾನ ಉದ್ಧವ್ ಠಾಕ್ರೆ ಬಣದ ಶಿವಸೇನೆಯ ಯುವ ಘಟಕವಾದ ಯುವಸೇನೆಯ ಪಾಲಾದವು. 7 ಜಿಲ್ಲೆಗಳಲ್ಲಿ ಅಷ್ಟೊಂದು ಪದವೀಧರರಿದ್ದೂ ಮತದಾರರ ಪಟ್ಟಿಯಲ್ಲಿದ್ದವರು 13 ಸಾವಿರ ಚಿಲ್ಲರೆ. ಸುಮ್ನೆ ಪದವಿ ಇದ್ದರೆ ಸಾಲದು, ಪಟ್ಟಿಗೆ ಹೆಸರು ನೋಂದಾಯಿಸಿರಬೇಕು. ನಮ್ಮ ಸಂಘಗಳ ಸದಸ್ಯರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರರೇ ತುಂಬಿದ್ದಾರೆ. ಮುಂದಿನ ನೋಂದಣಿ ತೆರೆದಾಗ ಪ್ರತಿ ಸಂಘವೂ ಒಂದು ಭಾನುವಾರ ಮೇಜು ಹಾಕಿ ಫಾರ್ಮ್ ತುಂಬಿಸಿದರೆ, ಕನ್ನಡ ವಿಭಾಗದ ಖಾಲಿ ಹುದ್ದೆಯ ಬಗ್ಗೆ ಸೆನೆಟ್ ಸಭೆಯಲ್ಲೇ ಎದ್ದು ಕೇಳುವವರನ್ನು ಆರಿಸಿ ಕಳಿಸಬಹುದು.